ಕುಂಟುನಡೆಯಲ್ಲಿ ದೂರಪ್ರಯಾಣ: ಡೀಸೆಲ್ ಕಾರಿನ ಆತ್ಮರಕ್ಷಣೆಯನ್ನು ಕುರಿತು ಒಂದು ವಿವೇಚನೆ

೧. ಪ್ರಸ್ತಾವನೆ

ಇತಿಹಾಸ ವಿಭಾಗದ ಸಂಶೋಧನ ವಾರ್ಷಿಕದಲ್ಲಿ ಡೀಸೆಲ್ ಕಾರನ್ನು ಕುರಿತ ಲೇಖನಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಕ್ಷೇತ್ರಕಾರ್ಯಕ್ಕೆ ಹೊರಟವರೆಲ್ಲರೂ ಬಲ್ಲಂತೆ, ವೀರಗಲ್ಲುಗಳೂ ದಾನಶಾಸನಗಳೂ ನಮ್ಮ ಮನೆಬಾಗಿಲಿಗೆ ನಡೆದು ಬರುವುದಿಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಪಾಳುಬಿದ್ದ ಗುಡಿಯ ಗೋಡೆಯಲ್ಲಿ ಅವು ನಿಂತಿರುವೆಡೆಗೆ ನಾವೇ ಹೋಗಬೇಕು. ಹಾಗೆ ಹೋಗುವಾಗ ಕಾಗದ, ಕುಂಚ, ಮಸಿಗಳಂತೆ ವಾಹನವೂ ನಮ್ಮ ಸಾಧನಗಳಲ್ಲಿ ಒಂದು. ಸಾಧನದ ಸ್ವಭಾವವನ್ನು ಅರಿಯದೆ ಅದನ್ನು ಬಳಸಿದರೆ ಏನಾಗುವುದೆಂಬುದನ್ನು ನಮ್ಮ ವಿಭಾಗ ಸ್ವಾನುಭವದಿಂದಲೇ ಕಲಿತಿದೆ.

ಇಂದಿನ ಡೀಸೆಲ್ ಕಾರು ತನ್ನೊಳಗೆ ಏನೋ ತಪ್ಪಿದೆಯೆಂದು ಕಂಡೊಡನೆ ತನ್ನ ಶಕ್ತಿಯನ್ನು ತಾನೇ ಕುಗ್ಗಿಸಿಕೊಂಡು, ನಿಧಾನವಾಗಿ ಮಾತ್ರ ಚಲಿಸಲು ಒಪ್ಪುತ್ತದೆ. ಈ ಸ್ಥಿತಿಯನ್ನು ಗ್ಯಾರೇಜಿನವರು ‘ಲಿಂಪ್ ಮೋಡ್’ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ನಾವು ಅದನ್ನು ‘ಕುಂಟುನಡೆ’ ಎಂದು ಕರೆದಿದ್ದೇವೆ. ಕುಂಟುನಡೆಯಲ್ಲಿರುವ ಕಾರಿನಲ್ಲಿ ನೂರಾರು ಕಿಲೋಮೀಟರುಗಳ ಪ್ರಯಾಣವನ್ನು ಮುಂದುವರಿಸಬಹುದೆ? ಈ ಪ್ರಶ್ನೆ ನಮಗೆ ಎರಡು ಸಲ ಎದುರಾಯಿತು. ಮೊದಲನೆಯ ಸಲ ನಾವು ತಪ್ಪು ಉತ್ತರವನ್ನು ಕೊಟ್ಟೆವು. ಎರಡನೆಯ ಸಲ, ಗದಗ ತಾಲ್ಲೂಕಿನ ಅಸುಂಡಿಯಲ್ಲಿ, ಉತ್ತರ ಕೊಡುವ ಮೊದಲು ಯೋಚಿಸಿದೆವು. ಈ ಎರಡು ಪ್ರಸಂಗಗಳನ್ನು ಆಧಾರವಾಗಿಟ್ಟುಕೊಂಡು, ಕುಂಟುನಡೆಯೆಂದರೇನು, ಅದರ ಪೂರ್ವಚರಿತ್ರೆಯೇನು, ಅದು ಪ್ರಯಾಣಿಕನಿಗೆ ಎಷ್ಟರಮಟ್ಟಿಗೆ ಅವಕಾಶ ಕೊಡುತ್ತದೆ ಎಂಬ ಮೂರು ವಿಷಯಗಳನ್ನು ಇಲ್ಲಿ ವಿವೇಚಿಸಲಾಗಿದೆ.

೨. ಅಸುಂಡಿಯ ಸಂಜೆ

ಅಸುಂಡಿ ಗದಗ-ಬೆಟಗೇರಿ ಅವಳಿನಗರಕ್ಕೆ ಸಮೀಪದ ಊರು. ಸುತ್ತಣದು ಎರೆಯ ಸೀಮೆ. ಹಿಂಗಾರಿನ ಕಡಲೆ, ಜೋಳಗಳ ಕಾಲ ಮುಗಿಯುವ ಹೊತ್ತಿಗೆ ದಾರಿಗಳಲ್ಲಿ ಧೂಳು ಮೊಳಕಾಲುದ್ದ ಏಳುತ್ತದೆ. ಆ ದಿನ ನಾವು ಇಬ್ಬರು ಅಧ್ಯಾಪಕರು, ನಾಲ್ವರು ವಿದ್ಯಾರ್ಥಿಗಳು ಬಾಡಿಗೆಯ ಡೀಸೆಲ್ ಕಾರೊಂದರಲ್ಲಿ ಅಲ್ಲಿನ ಹೊಲಗಳಲ್ಲಿರುವ ಹಳೆಯ ಕಲ್ಲುಗಳನ್ನು ನೋಡಿಕೊಂಡು ಸಂಜೆಗೆ ಹಿಂದಿರುಗಿದ್ದೆವು. ರಾತ್ರಿಯೇ ಬೆಂಗಳೂರಿಗೆ ಹೊರಡಬೇಕಾಗಿತ್ತು. ವಿದ್ಯಾರ್ಥಿನಿಯೊಬ್ಬಳಿಗೆ ಮರುದಿನ ಬೆಳಿಗ್ಗೆ ಅಲ್ಲಿ ಪರೀಕ್ಷೆಯಿತ್ತು.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, ಸಣ್ಣದೊಂದು ಏರಿನಲ್ಲಿ, ಕಾರಿನ ಎಳೆತ ಒಮ್ಮೆಲೇ ಇಳಿಯಿತು. ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹತ್ತಿಕೊಂಡಿತು. “ಗಾಡಿ ಜಗ್ಗವಲ್ದ್ರೀ ಸರ. ಪೂರ್ತಿ ಒತ್ತೇನಿ, ಆದ್ರೂ ಎರಡ ಸಾವಿರದ ಮ್ಯಾಲ ಏರವಲ್ದು” ಎಂದು ಚಾಲಕರು ಹೇಳಿದರು. ಎಂಜಿನ್ ನಿಲ್ಲಲಿಲ್ಲ, ಕಾರೂ ನಿಲ್ಲಲಿಲ್ಲ. ಗಂಟೆಗೆ ನಲವತ್ತು ಕಿಲೋಮೀಟರಿನಷ್ಟು ವೇಗದಲ್ಲಿ ಅದು ಸಾಗುತ್ತಲೇ ಇತ್ತು.

ಇಲ್ಲಿಯೇ ಮೋಹದ ಬೀಜವಿದೆ. ಅಲ್ಲಿಂದ ಬೆಂಗಳೂರು ೪೦೦ ಕಿಲೋಮೀಟರಿಗೂ ಮಿಕ್ಕ ದಾರಿ. ಗಂಟೆಗೆ ೪೦ರಂತೆ ನಡೆದರೂ ಹತ್ತು ಹನ್ನೊಂದು ಗಂಟೆಗಳು. ರಾತ್ರಿಯೆಲ್ಲ ನಡೆದರೆ ಬೆಳಗಾಗುವುದರೊಳಗೆ ಸೇರಬಹುದೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿದರು. ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು, ಕಾರು ನಡೆಯುತ್ತಿರುವುದನ್ನೇ ಅದರ ಒಪ್ಪಿಗೆಯೆಂದು ಭಾವಿಸಿದುದರಲ್ಲಿ. ನಾವು ಅಂದು ಏನು ಮಾಡಿದೆವೆಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ಈ ಕುಂಟುನಡೆ ಎಲ್ಲಿಂದ ಬಂದಿತೆಂಬುದನ್ನು ನೋಡುವುದು ಅವಶ್ಯ.

೩. ಯಂತ್ರಕ್ಕೆ ಕಡಿವಾಣ: ಪೂರ್ವಚರಿತ್ರೆ

ಯಂತ್ರವು ತನ್ನ ವೇಗವನ್ನು ತಾನೇ ಹಿಡಿದಿಟ್ಟುಕೊಳ್ಳಬೇಕೆಂಬ ಕಲ್ಪನೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಜೇಮ್ಸ್ ವಾಟ್ ೧೭೮೮ರಲ್ಲಿ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳ ‘ಗವರ್ನರ್’ ಅನ್ನು ಅಳವಡಿಸಿದನು. ವೇಗ ಹೆಚ್ಚಿದಂತೆ ಗುಂಡುಗಳು ಹೊರಕ್ಕೆ ಚಿಮ್ಮಿ ಉಗಿಯ ದಾರಿಯನ್ನು ಕಿರಿದು ಮಾಡುತ್ತವೆ. ವೇಗ ತಗ್ಗಿದೊಡನೆ ಒಳಕ್ಕೆ ಕುಸಿದು ದಾರಿಯನ್ನು ತೆರೆಯುತ್ತವೆ. ಇದನ್ನು ವಾಟ್ ಹೊಸದಾಗಿ ಕಂಡುಹಿಡಿಯಲಿಲ್ಲ. ಹಿಟ್ಟಿನ ಗಾಳಿಗಿರಣಿಗಳಲ್ಲಿ ಬಳಕೆಯಲ್ಲಿದ್ದ ಉಪಾಯವನ್ನೇ ಉಗಿಯಂತ್ರಕ್ಕೆ ತಂದನು. ೧೮೬೮ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಗಣಿತವನ್ನು ಕುರಿತು ಬರೆದ ಪ್ರಬಂಧ, ನಿಯಂತ್ರಣಶಾಸ್ತ್ರದ ಮೊದಲ ಮುಖ್ಯ ಬರಹಗಳಲ್ಲಿ ಒಂದೆಂದು ಗಣಿತವಾಗಿದೆ.

ಡೀಸೆಲ್ ಎಂಜಿನ್ನಿಗೆ ಈ ಕಡಿವಾಣ ಅನಿವಾರ್ಯ. ರುಡೋಲ್ಫ್ ಡೀಸೆಲ್ ೧೮೯೭ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದ ಎಂಜಿನ್ನಿನ ತತ್ತ್ವ ಹೀಗಿದೆ: ಒಳಗೆಳೆದ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ, ಆ ಬಿಸಿಗಾಳಿಯೊಳಕ್ಕೆ ಎಣ್ಣೆಯನ್ನು ಚಿಮುಕಿಸಿದರೆ ಕಿಡಿಯ ಸಹಾಯವಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯನ್ನು ಕಿರಿದು ಮಾಡಿ ಶಕ್ತಿಯನ್ನು ತಗ್ಗಿಸುತ್ತಾರೆ. ಡೀಸೆಲ್ಲಿನಲ್ಲಿ ಶಕ್ತಿಯನ್ನು ನಿರ್ಧರಿಸುವುದು ಮುಖ್ಯವಾಗಿ ಚಿಮುಕಿಸಿದ ಎಣ್ಣೆಯ ಪ್ರಮಾಣ. ಹೊರೆಯಿಲ್ಲದ ವೇಳೆಯಲ್ಲಿ ಎಣ್ಣೆ ಹೆಚ್ಚಾಗಿ ಬಿದ್ದರೆ ಎಂಜಿನ್ ತನ್ನನ್ನು ತಾನೇ ಒಡೆದುಕೊಳ್ಳುವಷ್ಟು ವೇಗವಾಗಿ ಓಡಬಲ್ಲದು. ಆದಕಾರಣ ಡೀಸೆಲ್ ಎಂಜಿನ್ನಿನ ಜೊತೆಗೆ ಗವರ್ನರ್ ಬಂದೇ ಬಂದಿತು. ನಮ್ಮ ಹಳ್ಳಿಗಳ ಹಿರಿಯ ರೈತರಿಗೆ ಈ ಮಾತು ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಟ್ಟಿದ ಉದ್ಯಮದ ಬಳಗದಲ್ಲಿ ೧೯೪೬ರಲ್ಲಿ ಆಯಿಲ್ ಎಂಜಿನ್ ಕಂಪನಿ ಹುಟ್ಟಿತು. ಬಾವಿಯ ನೀರೆತ್ತುವ ಅಂತಹ ಎಂಜಿನ್ನುಗಳನ್ನು ನಡೆಯಿಸಿದವರು ಗವರ್ನರಿನ ಗುಣವನ್ನು ಕಿವಿಯಿಂದಲೇ ಬಲ್ಲರು.

ಎಣ್ಣೆಯನ್ನು ಅಳೆದು ಚಿಮುಕಿಸುವ ಪಂಪುಗಳನ್ನು ಜರ್ಮನಿಯ ಬಾಷ್ ಸಂಸ್ಥೆ ೧೯೨೭ರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿತು. ೧೯೩೬ರಲ್ಲಿ ಡೀಸೆಲ್ ಎಂಜಿನ್ನುಳ್ಳ ಮರ್ಸಿಡಿಸ್ ಕಾರು ಮಾರುಕಟ್ಟೆಗೆ ಬಂದಿತು. ಕರ್ನಾಟಕದ ಮಟ್ಟಿಗೆ ಮುಖ್ಯವಾದ ವರ್ಷ ೧೯೫೧; ಆ ವರ್ಷ ಮೈಕೊ ಎಂದು ಪ್ರಸಿದ್ಧವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪಿತವಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಅದರ ಕಾರ್ಖಾನೆಯಿಂದ ಬಂದ ಇಂಧನ ಪಂಪುಗಳು ದೇಶದ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಹೃದಯಭಾಗದಲ್ಲಿ ಕುಳಿತವು. (೨೦೦೮ರಿಂದ ಈ ಕಂಪನಿಯ ಹೆಸರು ಬಾಷ್ ಲಿಮಿಟೆಡ್.) ಆ ಪಂಪಿನೊಳಗಿನ ಗವರ್ನರಿಗೆ ಸ್ಪ್ರಿಂಗೂ ತೂಕದ ಗುಂಡುಗಳೂ ಇದ್ದುವೇ ಹೊರತು, ನೆನಪು ಇರಲಿಲ್ಲ. ಅದು ವೇಗವನ್ನು ಮಾತ್ರ ಬಲ್ಲದು. ಎಂಜಿನ್ನಿಗೆ ಬೇರಾವ ಕಾಯಿಲೆಯಿದ್ದರೂ ಅದಕ್ಕೆ ತಿಳಿಯದು. ಆ ಕಾಲದ ಚಾಲಕನು ಹೊಗೆಯ ಬಣ್ಣ, ಶಬ್ದ, ವಾಸನೆಗಳಿಂದಲೇ ರೋಗವನ್ನು ಊಹಿಸುತ್ತಿದ್ದನು.

೧೯೮೦ರ ದಶಕದಲ್ಲಿ ವಿದ್ಯುನ್ಮಾನ ನಿಯಂತ್ರಣ ಬಂದಿತು. ೧೯೯೭ರಲ್ಲಿ ‘ಕಾಮನ್ ರೇಲ್’ ಪದ್ಧತಿಯ ಕಾರು ಮಾರುಕಟ್ಟೆಗೆ ಬಂದಿತು. ಇದರಲ್ಲಿ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಒಂದು ನಳಿಗೆಯಲ್ಲಿ, ವಾತಾವರಣದ ಒತ್ತಡಕ್ಕಿಂತ ಸಾವಿರ ಪಟ್ಟಿಗೂ ಮಿಕ್ಕ ಒತ್ತಡದಲ್ಲಿ ಎಣ್ಣೆ ಸಿದ್ಧವಾಗಿ ನಿಂತಿರುತ್ತದೆ. ಯಾವಾಗ, ಎಷ್ಟು ಚಿಮುಕಿಸಬೇಕೆಂಬುದನ್ನು ಕಂಪ್ಯೂಟರು ತೀರ್ಮಾನಿಸುತ್ತದೆ. ಬಿಡದಿಯ ಕಾರ್ಖಾನೆಯಿಂದ ೨೦೦೫ರಲ್ಲಿ ಹೊರಬಂದ ಇನ್ನೋವಾದಂತಹ ವಾಹನಗಳ ಮೂಲಕ ಈ ಪದ್ಧತಿ ಕರ್ನಾಟಕದ ಪ್ರವಾಸಿ ಕಾರುಗಳಲ್ಲಿ ಸಾಮಾನ್ಯವಾಯಿತು. ವಾಟ್‌ನ ಎರಡು ಗುಂಡುಗಳ ಸ್ಥಾನದಲ್ಲಿ ಈಗ ಹತ್ತಾರು ಸೆನ್ಸರುಗಳಿವೆ. ಅವು ಹೇಳಿದುದನ್ನು ಬರೆದಿಟ್ಟುಕೊಳ್ಳುವ ನೆನಪೂ ಇದೆ. ಕುಂಟುನಡೆ ಈ ನೆನಪಿನ ಫಲ.

೪. ಕುಂಟುನಡೆಯ ಕ್ರಮ

ಕಂಪ್ಯೂಟರು ಒಳಬರುವ ಗಾಳಿಯ ಪ್ರಮಾಣ, ಟರ್ಬೊ ಕೊಡುವ ಒತ್ತಡ, ನಳಿಗೆಯಲ್ಲಿನ ಎಣ್ಣೆಯ ಒತ್ತಡ, ಹೊರಹೋಗುವ ಹೊಗೆಯ ಉಷ್ಣತೆ, ಎಕ್ಸಲರೇಟರಿನ ಸ್ಥಾನ ಮೊದಲಾದುವನ್ನು ಎಡೆಬಿಡದೆ ಅಳೆಯುತ್ತದೆ. ಇಂತಹ ವೇಗದಲ್ಲಿ ಇಂತಿಷ್ಟು ಗಾಳಿ ಇರಬೇಕೆಂಬ ಕೋಷ್ಟಕ ಅದರ ಬಳಿ ಇರುತ್ತದೆ. ಕಂಡುಬಂದ ಮೊತ್ತಕ್ಕೂ ಇರಬೇಕಾದ ಮೊತ್ತಕ್ಕೂ ಅಂತರ ಹೆಚ್ಚಾಗಿ, ಅದು ಸ್ವಲ್ಪ ಕಾಲ ಹಾಗೆಯೇ ಉಳಿದರೆ, ಕಂಪ್ಯೂಟರು ಮೂರು ಕೆಲಸಗಳನ್ನು ಮಾಡುತ್ತದೆ. ದೋಷಕ್ಕೆ ಗೊತ್ತಾದ ಸಂಖ್ಯೆಯನ್ನು ನೆನಪಿನಲ್ಲಿ ಬರೆದಿಡುತ್ತದೆ. ಚಾಲಕನಿಗೆ ಕಾಣುವಂತೆ ದೀಪವನ್ನು ಹೊತ್ತಿಸುತ್ತದೆ. ದೋಷ ಗಂಭೀರವಾದುದಾದರೆ ಎಣ್ಣೆಯನ್ನು ಕಡಿಮೆ ಮಾಡಿ, ಟರ್ಬೊದ ಒತ್ತಡವನ್ನು ತಗ್ಗಿಸಿ, ಎಂಜಿನ್ನಿನ ಸುತ್ತುಗಳನ್ನು ನಿಮಿಷಕ್ಕೆ ಎರಡು ಮೂರು ಸಾವಿರದ ಆಸುಪಾಸಿನಲ್ಲಿ ಕಟ್ಟಿಹಾಕುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲಿ ಗೇರು ಒಂದೇ ಸ್ಥಾನದಲ್ಲಿ ನಿಂತುಬಿಡುವುದೂ ಉಂಟು.

ಇಲ್ಲಿ ಗಮನಿಸಬೇಕಾದ ಒಂದಂಶವಿದೆ. ಕಾರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಅನೇಕ ವೇಳೆ ಎಳೆತ ಹಿಂದಿರುಗುತ್ತದೆ. ಇದರಿಂದ ದೋಷ ಹೋಯಿತೆಂದು ತಿಳಿಯುವುದು ಭ್ರಮೆ. ಕಂಪ್ಯೂಟರು ತನ್ನ ಪರೀಕ್ಷೆಯನ್ನು ಮೊದಲಿನಿಂದ ಆರಂಭಿಸಿರುತ್ತದೆ, ಅಷ್ಟೆ. ಮುಂದಿನ ಏರಿನಲ್ಲಿ ಅದೇ ಅಂತರ ಮತ್ತೆ ಕಂಡರೆ ಅದೇ ಕಟ್ಟು ಮತ್ತೆ ಬೀಳುತ್ತದೆ.

ಕಾರಣಗಳು ಹಲವು. ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಹೋಸ್ ಪೈಪು ಸೀಳಿರಬಹುದು. ಟರ್ಬೊದೊಳಗಿನ ಚಲಿಸುವ ಎಲೆಗಳು ಮಸಿಯಿಂದ ಬಿಗಿದಿರಬಹುದು. ಡೀಸೆಲ್ ಫಿಲ್ಟರಿನಲ್ಲಿ ಕೊಳೆ ಅಥವಾ ನೀರು ಸೇರಿರಬಹುದು. ಹೊಗೆಯ ಒಂದು ಭಾಗವನ್ನು ಎಂಜಿನ್ನಿಗೆ ಹಿಂದಿರುಗಿಸುವ ಇ.ಜಿ.ಆರ್. ಕವಾಟಕ್ಕೆ ಮಸಿ ಕಟ್ಟಿರಬಹುದು. ಧೂಳಿನ ಸೀಮೆಯಲ್ಲಿ ಏರ್ ಫಿಲ್ಟರು ಮುಚ್ಚಿಹೋಗಿರಬಹುದು. ಎಲ್ಲವೂ ಸರಿಯಿದ್ದು ಸೆನ್ಸರೇ ಸುಳ್ಳು ಹೇಳುತ್ತಿರಬಹುದು. ಹೊರಗೆ ಕಾಣುವ ಲಕ್ಷಣ ಮಾತ್ರ ಎಲ್ಲದರಲ್ಲಿಯೂ ಒಂದೇ: ಗಾಡಿ ಜಗ್ಗುವುದಿಲ್ಲ. ಲಕ್ಷಣ ಒಂದಾಗಿದ್ದು ಕಾರಣ ಬೇರೆಬೇರೆಯಾಗಿರುವುದರಿಂದಲೇ, ಒಬ್ಬನು ಕುಂಟುನಡೆಯಲ್ಲಿ ಮುನ್ನೂರು ಕಿಲೋಮೀಟರು ಕ್ಷೇಮವಾಗಿ ಬಂದೆನೆಂಬ ಕಥೆ ಇನ್ನೊಬ್ಬನಿಗೆ ಪ್ರಮಾಣವಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಭೇದವನ್ನೂ ಹೇಳಬೇಕು. ೨೦೨೦ನೆಯ ಏಪ್ರಿಲ್ ೧ರಿಂದ ದೇಶದಲ್ಲಿ ಜಾರಿಗೆ ಬಂದ ಬಿ.ಎಸ್. ೬ ನಿಯಮಗಳಿಂದಾಗಿ ಹೊಸ ಡೀಸೆಲ್ ವಾಹನಗಳಲ್ಲಿ ಹೊಗೆಯನ್ನು ಶುದ್ಧಿ ಮಾಡುವ ಉಪಕರಣಗಳು ಸೇರಿವೆ. ಬಸ್ಸು ಲಾರಿಗಳಲ್ಲಿಯೂ ಕೆಲವು ಕಾರುಗಳಲ್ಲಿಯೂ ಯೂರಿಯಾದ ದ್ರಾವಣವನ್ನು ಹೊಗೆಗೆ ಸಿಂಪಡಿಸಲಾಗುತ್ತದೆ. ಆ ದ್ರಾವಣ ಮುಗಿದರೆ ವಾಹನ ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ, ಕೆಲವು ವಾಹನಗಳು ಒಮ್ಮೆ ನಿಲ್ಲಿಸಿದ ಮೇಲೆ ಮತ್ತೆ ಚಾಲೂ ಆಗುವುದೇ ಇಲ್ಲ. ಇಲ್ಲಿ ಎಂಜಿನ್ನಿಗೆ ಯಾವ ಅಪಾಯವೂ ಇಲ್ಲ. ಆ ಕಟ್ಟು ಇರುವುದು ದಾರಿಯ ಪಕ್ಕದಲ್ಲಿ ಉಸಿರಾಡುವವರ ಸಲುವಾಗಿ. ಹೀಗೆ ಕುಂಟುನಡೆಯಲ್ಲಿ ಆತ್ಮರಕ್ಷಣೆ, ಲೋಕರಕ್ಷಣೆ ಎಂಬ ಎರಡು ಬಗೆಗಳನ್ನು ಎಣಿಸಬಹುದು.

೫. ದೂರಪ್ರಯಾಣದ ಅಪಾಯ: ನಮ್ಮ ಮೊದಲ ತಪ್ಪು

ಅಸುಂಡಿಯ ಪ್ರಸಂಗಕ್ಕೆ ಎರಡು ವರ್ಷ ಹಿಂದೆ ನಾವು ಬಾದಾಮಿಯ ಕಡೆಯಿಂದ ವಿಭಾಗದ ಉಪಯೋಗಕ್ಕಿದ್ದ ಡೀಸೆಲ್ ಕಾರಿನಲ್ಲಿ ಬೆಂಗಳೂರಿಗೆ ಹಿಂದಿರುಗುತ್ತಿದ್ದೆವು. ಹೊರಡುವ ಮೊದಲೇ ಹೊಗೆಯ ಫಿಲ್ಟರಿನ, ಎಂದರೆ ಡಿ.ಪಿ.ಎಫ್.ನ, ದೀಪ ಹೊತ್ತಿತ್ತು. ನಾವು ಗಮನ ಕೊಡಲಿಲ್ಲ. ದಾರಿಯಲ್ಲಿ ಎಳೆತ ಹೋಯಿತು. ನಿಲ್ಲಿಸಿ ಚಾಲೂ ಮಾಡಿದೆವು, ಬಂದಿತು, ಮತ್ತೆ ಹೋಯಿತು. ರಸ್ತೆಬದಿಯ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಹಚ್ಚಿ ದೋಷದ ಸಂಖ್ಯೆಯನ್ನು ಅಳಿಸಿಸಿದೆವು. ಸಂಖ್ಯೆ ಏನಿತ್ತೆಂದು ಬರೆದುಕೊಳ್ಳಲಿಲ್ಲ. ‘ದೂರ ಓಡಿಸಿದರೆ ಮಸಿ ತಾನೇ ಸುಟ್ಟುಹೋಗುತ್ತದೆ’ ಎಂಬ ಮಾತನ್ನು ಯಾರೋ ಹೇಳಿದರು. ಅದನ್ನು ನಂಬಿ ಮುಂದುವರಿದೆವು.

ಆ ಮಾತು ಅರ್ಧ ಸತ್ಯ. ಡಿ.ಪಿ.ಎಫ್. ಹೊಗೆಯಲ್ಲಿನ ಮಸಿಯನ್ನು ಸೋಸಿ ಹಿಡಿದಿಡುತ್ತದೆ. ಹಿಡಿದ ಮಸಿಯನ್ನು ಕಾಲಕಾಲಕ್ಕೆ ಸುಡಬೇಕು. ಅದಕ್ಕೆ ಸುಮಾರು ೫೫೦ರಿಂದ ೬೦೦ ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕಂಪ್ಯೂಟರು ಸ್ವಲ್ಪ ಎಣ್ಣೆಯನ್ನು ಹೆಚ್ಚಾಗಿ ಚಿಮುಕಿಸಿ ಈ ಉಷ್ಣತೆಯನ್ನು ಉಂಟುಮಾಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಈ ಕ್ರಿಯೆ ಸುಲಭವಾಗುತ್ತದೆಂಬುದು ನಿಜ. ಆದರೆ ಅದು ಫಿಲ್ಟರಿನ ದೀಪ ಮಾತ್ರ ಹೊತ್ತಿರುವ ಹಂತದ ಮಾತು. ಮಸಿ ಮಿತಿಮೀರಿ ಕಾರು ಕುಂಟುನಡೆಗೆ ಇಳಿದ ಮೇಲೆ, ಅತಿಯಾದ ಶಾಖದಿಂದ ಫಿಲ್ಟರು ಒಡೆಯಬಾರದೆಂದು ಕಂಪ್ಯೂಟರು ಸುಡುವ ಕ್ರಿಯೆಯನ್ನೇ ಸಾಮಾನ್ಯವಾಗಿ ತಡೆಹಿಡಿಯುತ್ತದೆ. ಎಂದಮೇಲೆ ಕುಂಟುನಡೆಯಲ್ಲಿ ಕ್ರಮಿಸಿದ ಪ್ರತಿಯೊಂದು ಕಿಲೋಮೀಟರೂ ಮಸಿಯನ್ನು ಕೂಡಿಸುತ್ತದೆಯೇ ಹೊರತು ಕಳೆಯುವುದಿಲ್ಲ. ಮೊದಲ ಹಂತದಲ್ಲಿ ಔಷಧವಾಗಿದ್ದ ದೂರಪ್ರಯಾಣ ಎರಡನೆಯ ಹಂತದಲ್ಲಿ ಅಪಥ್ಯವಾಗುತ್ತದೆ. ನಾವು ಈ ಎರಡು ಹಂತಗಳನ್ನು ಬೇರ್ಪಡಿಸಿ ನೋಡಲಿಲ್ಲ.

ರಾತ್ರಿ ಚಿತ್ರದುರ್ಗವನ್ನು ದಾಟಿದ ಮೇಲೆ ಲಾರಿಯೊಂದನ್ನು ಹಿಂದಿಕ್ಕಲು ಹೊರಟಾಗ, ಅರ್ಧದಲ್ಲಿ ಎಳೆತ ಹೋಯಿತು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕನ ಜಾಗರೂಕತೆಯಿಂದ ನಾವು ಉಳಿದೆವು. ಸ್ವಲ್ಪ ದೂರದಲ್ಲಿ ಕಾರು ಪೂರ್ತಿ ನಿಂತಿತು. ಅದನ್ನು ಎಳೆಸಿಕೊಂಡು ಹೋಗಬೇಕಾಯಿತು. ಫಿಲ್ಟರನ್ನು ಬದಲಾಯಿಸುವುದರ ಹೊರತು ಗತ್ಯಂತರವಿರಲಿಲ್ಲ. ಆ ವರ್ಷದ ಪ್ರವಾಸನಿಧಿಯ ಬಹುಪಾಲು ಅದಕ್ಕೇ ವ್ಯಯವಾಯಿತು, ಮುಂದಿನ ಕ್ಷೇತ್ರಕಾರ್ಯವನ್ನು ಕೈಬಿಟ್ಟೆವು. ಮರುವರ್ಷ ಅದೇ ದಾರಿಯಲ್ಲಿ ಹೋದಾಗ, ಪಡಿಯಚ್ಚು ತೆಗೆಯಬೇಕೆಂದು ಗುರುತಿಸಿಟ್ಟಿದ್ದ ಒಂದು ಕಲ್ಲು ಇದ್ದ ಸ್ಥಳದಲ್ಲಿ ಇರಲಿಲ್ಲ. ರಸ್ತೆಯನ್ನು ಅಗಲ ಮಾಡುವಾಗ ಹೋಯಿತೆಂದು ಊರವರು ಹೇಳಿದರು. ಅದರ ಮೇಲೆ ಕೆಲವು ಸಾಲುಗಳ ಬರಹವಿತ್ತೆಂಬುದು ನಮ್ಮ ಟಿಪ್ಪಣಿಯಲ್ಲಿದೆ. ಆ ಸಾಲುಗಳು ಏನು ಹೇಳುತ್ತಿದ್ದುವೆಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ.

೬. ನಿಲ್ಲಬೇಕಾದುದು, ನಡೆಯಬಹುದಾದುದು

ಈ ಅನುಭವವನ್ನೂ, ಬಲ್ಲವರಿಂದ ಕೇಳಿ ತಿಳಿದುದನ್ನೂ ಕೂಡಿಸಿ ಕೆಲವು ನಿರ್ಣಯಗಳಿಗೆ ಬರಬಹುದು.

ಮೊದಲನೆಯದಾಗಿ, ಕೆಲವು ಲಕ್ಷಣಗಳು ಕಂಡರೆ ಒಂದು ಕಿಲೋಮೀಟರೂ ನಡೆಯತಕ್ಕದ್ದಲ್ಲ. ಎಂಜಿನ್ ಆಯಿಲಿನ ಕೆಂಪು ದೀಪ, ಉಷ್ಣತೆಯ ಮುಳ್ಳು ಕೆಂಪಿಗೆ ಏರುವುದು, ಡೀಸೆಲ್ಲಿನ ಗಾಢವಾದ ವಾಸನೆ, ಲೋಹ ತಿಕ್ಕುವ ಶಬ್ದ, ಹಳದಿ ದೀಪ ಮಿನುಗುತ್ತಿರುವುದು, ಇವು ಅಂತಹ ಲಕ್ಷಣಗಳು. ನೀಲಿ ಹೊಗೆ ದಟ್ಟವಾಗಿ ಬಂದರೆ ವಿಶೇಷ ಎಚ್ಚರಿಕೆ ಬೇಕು. ಟರ್ಬೊದ ಸೀಲು ಹೋಗಿ ಎಂಜಿನ್ ಆಯಿಲೇ ಒಳಗೆ ಸೇರತೊಡಗಿದರೆ, ಡೀಸೆಲ್ ಎಂಜಿನ್ ಅದನ್ನೇ ಇಂಧನವನ್ನಾಗಿ ಮಾಡಿಕೊಂಡು, ಕೀಲಿ ತಿರುಗಿಸಿದರೂ ನಿಲ್ಲದೆ ಓಡಬಲ್ಲದು. ಕಂಪ್ಯೂಟರಿನ ಕಡಿವಾಣ ಡೀಸೆಲ್ಲಿಗೆ ಮಾತ್ರ. ಆ ಆಯಿಲಿನ ಮೇಲೆ ಅದಕ್ಕೆ ಅಧಿಕಾರವಿಲ್ಲ.

ಎರಡನೆಯದಾಗಿ, ಈ ಯಾವ ಲಕ್ಷಣವೂ ಇಲ್ಲದೆ, ಸ್ಥಿರವಾದ ಹಳದಿ ದೀಪವೂ ಎಳೆತದ ಕೊರತೆಯೂ ಮಾತ್ರ ಇದ್ದರೆ, ಸಮೀಪದ ಸುರಕ್ಷಿತ ಸ್ಥಳದವರೆಗೆ ಅಥವಾ ಗ್ಯಾರೇಜಿನವರೆಗೆ ನಡೆಯಬಹುದು. ಕುಂಟುನಡೆಯನ್ನು ರೂಪಿಸಿರುವುದು ಇದೇ ಉದ್ದೇಶಕ್ಕೆ. ಹೊರೆಯನ್ನು ಇಳಿಸಬೇಕು, ಎ.ಸಿ.ಯನ್ನು ನಿಲ್ಲಿಸಬೇಕು, ಎಡಗಡೆಯಲ್ಲಿಯೇ ಸಾಗಬೇಕು, ಯಾರನ್ನೂ ಹಿಂದಿಕ್ಕಬಾರದು, ಏರಿನಲ್ಲಿ ಕೆಳಗಿನ ಗೇರನ್ನು ಹಾಕಿ ಎಕ್ಸಲರೇಟರನ್ನು ಮೃದುವಾಗಿ ಒತ್ತಬೇಕು, ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿರಬೇಕು.

ಮೂರನೆಯದಾಗಿ, ರಾತ್ರಿಯಲ್ಲಿ ಹೆದ್ದಾರಿಯನ್ನು ಹಿಡಿಯಬಾರದು. ಹುಬ್ಬಳ್ಳಿಯಿಂದ ಹಾವೇರಿ, ದಾವಣಗೆರೆ, ಚಿತ್ರದುರ್ಗಗಳ ಮೂಲಕ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಉಳಿದೆಲ್ಲ ವಾಹನಗಳೂ ನಮ್ಮ ಎರಡರಷ್ಟು ವೇಗದಲ್ಲಿ ಬರುತ್ತಿರುವಾಗ ನಿಧಾನವಾದ ವಾಹನವೇ ಒಂದು ಅಡ್ಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತುಹೋದವರು ೧೦೩೩ ಸಂಖ್ಯೆಗೆ ಕರೆಮಾಡಿ ಸಹಾಯ ಪಡೆಯಬಹುದು. ಪ್ರಾಣಾಪಾಯದ ಸಂದರ್ಭದಲ್ಲಿ ೧೧೨ ಇದೆ. ಈ ಎರಡು ಸಂಖ್ಯೆಗಳು ಪ್ರವಾಸಕ್ಕೆ ಹೊರಡುವ ಪ್ರತಿಯೊಬ್ಬ ವಿದ್ಯಾರ್ಥಿಯ ಬಳಿಯೂ ಇರಬೇಕು.

ಅಸುಂಡಿಯಲ್ಲಿ ನಾವು ಹೀಗೆ ಮಾಡಿದೆವು. ಕಾರನ್ನು ದಾರಿಯ ಬದಿಗೆ ನಿಲ್ಲಿಸಿ ನೋಡಿದೆವು. ಉಷ್ಣತೆ ಸರಿಯಾಗಿತ್ತು, ಕೆಂಪು ದೀಪವಿರಲಿಲ್ಲ, ಒತ್ತಿದಾಗ ಕರಿ ಹೊಗೆಯೂ, ಎಂಜಿನ್ನಿನ ಕಡೆಯಿಂದ ‘ಸುಸ್’ ಎಂಬ ಗಾಳಿಯ ಶಬ್ದವೂ ಬರುತ್ತಿದ್ದುವು. ಆ ಮಧ್ಯಾಹ್ನ ತಮ್ಮ ಹೊಲದ ಕಲ್ಲನ್ನು ನಮಗೆ ತೋರಿಸಿದ್ದ ಹಿರಿಯ ರೈತರೊಬ್ಬರು ಅದೇ ದಾರಿಯಲ್ಲಿ ಬಂದರು. ವಿಷಯವನ್ನು ಕೇಳಿ, “ಕುಂಟೂ ಎತ್ತಿನ್ನ ಮನಿ ತನಕಾ ನಡಸ್ಕೊಂಡ ಹೋಗಬೇಕ್ರೀ, ಹಂತೀಗೆ ಹೂಡಬಾರ್ದು” ಎಂದರು. ನಾವು ಇಷ್ಟು ಪುಟಗಳಲ್ಲಿ ಹೇಳುತ್ತಿರುವುದು ಅವರ ಆ ಒಂದು ಮಾತಿನಲ್ಲಿದೆ. ಅವರೇ ಒಂದು ಟಂಟಂ ಗಾಡಿಯನ್ನು ಗೊತ್ತುಮಾಡಿ ಕೊಟ್ಟರು. ಒಬ್ಬ ಅಧ್ಯಾಪಕರು ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಅದರಲ್ಲಿ ಗದಗಿಗೆ ಹೋಗಿ ಬೆಂಗಳೂರಿನ ರಾತ್ರಿಯ ಬಸ್ಸನ್ನು ಹತ್ತಿದರು. ಉಳಿದವರು ನಾವು, ಚಾಲಕರೊಡನೆ, ಗಂಟೆಗೆ ಮೂವತ್ತರ ನಡೆಯಲ್ಲಿ ಬರಿದಾದ ಕಾರನ್ನು ಗದಗಿನ ಗ್ಯಾರೇಜಿಗೆ ತಲುಪಿಸಿದೆವು. ವಿದ್ಯಾರ್ಥಿನಿ ಪರೀಕ್ಷೆಗೆ ಸಕಾಲದಲ್ಲಿ ಹಾಜರಾದಳೆಂಬ ಸುದ್ದಿ ಮರುದಿನ ಬೆಳಿಗ್ಗೆ ಬಂದಿತು.

೭. ದೋಷಸಂಖ್ಯೆ ಎಂಬ ಸಾಕ್ಷಿ

ಇತಿಹಾಸದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಬೆಳಿಗ್ಗೆ ಗ್ಯಾರೇಜಿನವರು ಸ್ಕ್ಯಾನರನ್ನು ಹಚ್ಚಿದಾಗ ‘ಪಿ ೦೨೯೯’ ಎಂಬ ಸಂಖ್ಯೆ ಬಂದಿತು. ಈ ಸಲ ನಾವು ಅದರ ಚಿತ್ರವನ್ನು ತೆಗೆದುಕೊಂಡೆವು. ದಿನಾಂಕ, ಹೊತ್ತು, ಏರಿನ ಸ್ಥಳ, ಕಾರಿನಲ್ಲಿದ್ದವರ ಸಂಖ್ಯೆ, ಹೊಗೆಯ ಬಣ್ಣಗಳನ್ನು ಪಕ್ಕದಲ್ಲಿ ಬರೆದೆವು. ಆ ಮೇಲೆಯೇ ಮುಂದಿನ ಕೆಲಸಕ್ಕೆ ಒಪ್ಪಿದೆವು.

ಆ ಸಂಖ್ಯೆಯ ಅರ್ಥ ‘ಟರ್ಬೊದ ಒತ್ತಡ ಇರಬೇಕಾದುದಕ್ಕಿಂತ ಕಡಿಮೆ’ ಎಂದಿಷ್ಟೆ. ‘ಟರ್ಬೊ ಕೆಟ್ಟಿದೆ’ ಎಂದು ಅದು ಹೇಳುವುದಿಲ್ಲ. ಈ ಎರಡು ವಾಕ್ಯಗಳ ನಡುವಣ ಅಂತರವೇ ಪ್ರಮಾಣಕ್ಕೂ ಅನುಮಾನಕ್ಕೂ ಇರುವ ಅಂತರ. ಶಾಸನವೊಂದರಲ್ಲಿ ಅರಸನೊಬ್ಬನು ಒಂದು ನಾಡನ್ನು ಗೆದ್ದನೆಂದಿದ್ದರೆ, ಹಾಗೆಂದು ಬರೆಯಿಸಲಾಗಿದೆ ಎಂಬುದು ನಮಗೆ ದೊರೆತ ಪ್ರಮಾಣ. ಗೆದ್ದನೆ, ಎಷ್ಟು ಕಾಲ ಆಳಿದನು ಎಂಬುದನ್ನು ಬೇರೆ ಸಾಕ್ಷ್ಯಗಳಿಂದ ನಿರ್ಧರಿಸಬೇಕು. ದೋಷಸಂಖ್ಯೆಯನ್ನೇ ತೀರ್ಪೆಂದು ಹಿಡಿದು ದುಬಾರಿಯಾದ ಟರ್ಬೊವನ್ನು ಬದಲಾಯಿಸಿದ ಮೇಲೂ ಕುಂಟುನಡೆ ಹೋಗದಿರುವುದು ಸಾಧ್ಯ. ಗದಗಿನ ಆ ಕುಶಲಕರ್ಮಿ ಹಾಗೆ ಮಾಡಲಿಲ್ಲ. ಗಾಳಿಯ ಶಬ್ದ, ಕರಿ ಹೊಗೆ, ಸಂಖ್ಯೆ ಈ ಮೂರನ್ನೂ ಕೂಡಿಸಿ ನೋಡಿ, ಹೋಸ್ ಪೈಪನ್ನು ಕೈಯಿಂದ ಸವರುತ್ತ ಹೋದರು. ಕ್ಲಿಪ್ಪಿನ ಬಳಿ ಬೆರಳುದ್ದದ ಸೀಳು ಸಿಕ್ಕಿತು. ಅಳೆದ ಗಾಳಿ ಎಂಜಿನ್ನಿಗೆ ತಲುಪದೆ ಅಲ್ಲಿಯೇ ಸೋರುತ್ತಿತ್ತು; ಗಾಳಿ ಸಾಲದೆ ಎಣ್ಣೆ ಅರೆಬರೆ ಉರಿದು ಕರಿ ಹೊಗೆಯಾಗಿತ್ತು. ಪೈಪನ್ನು ಬದಲಾಯಿಸಿ, ಸಂಖ್ಯೆಯನ್ನು ಅಳಿಸಿ, ಅದೇ ಏರಿನ ಮೇಲೆ ಓಡಿಸಿ ನೋಡಿದೆವು. ದೀಪ ಮತ್ತೆ ಹೊತ್ತಲಿಲ್ಲ.

ಪ್ರತಿಯನ್ನು ತೆಗೆಯದೆ ಸಂಖ್ಯೆಯನ್ನು ಅಳಿಸುವುದು, ಪಡಿಯಚ್ಚು ತೆಗೆಯದೆ ಶಾಸನವನ್ನು ಉಜ್ಜಿಬಿಟ್ಟಂತೆ. ಬಾದಾಮಿಯ ದಾರಿಯಲ್ಲಿ ನಾವು ಮಾಡಿದುದು ಅದನ್ನೇ. ಹಾಗೆ ಅಳಿಸದಿದ್ದರೆ, ಮುಂದಿನ ಊರಿನ ಗ್ಯಾರೇಜಿನವರಾದರೂ ಮಸಿಯ ವಿಷಯವನ್ನು ತಿಳಿದು ನಮ್ಮನ್ನು ತಡೆಯುತ್ತಿದ್ದರು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ಕುಂಟುನಡೆ ರೋಗವಲ್ಲ, ರೋಗವನ್ನು ಕಂಡು ಯಂತ್ರ ಹಾಕಿಕೊಂಡ ಕಟ್ಟು. ಅದು ನೀಡುವುದು ಸಮೀಪದ ಆಶ್ರಯವನ್ನು ಸೇರುವಷ್ಟು ಗಡುವನ್ನು. ಆ ಗಡುವನ್ನು ನಾನೂರು ಕಿಲೋಮೀಟರುಗಳ ಅನುಮತಿಯೆಂದು ಓದುವುದು, ಬರೆದುದಕ್ಕಿಂತ ಹೆಚ್ಚಿನದನ್ನು ಓದಿದಂತಾಗುತ್ತದೆ.

ಕಾಲೇಜುಗಳಿಂದ ಅಧ್ಯಯನ ಪ್ರವಾಸಗಳನ್ನು ನಡೆಯಿಸುವ ಅಧ್ಯಾಪಕರಿಗೆ ಒಂದು ಸೂಚನೆಯಿದೆ. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕದ ಜೊತೆಯಲ್ಲಿ ವಾಹನಕ್ಕೂ ಒಂದು ಪುಸ್ತಕವಿರಲಿ. ಹೊರಡುವಾಗ ಯಾವ ದೀಪ ಹೊತ್ತಿತ್ತು, ಡೀಸೆಲ್ಲನ್ನು ಎಲ್ಲಿ ಹಾಕಿಸಲಾಯಿತು, ಏರ್ ಫಿಲ್ಟರನ್ನು ಕೊನೆಯ ಸಲ ಎಂದು ಬದಲಾಯಿಸಲಾಯಿತು, ದೋಷ ಕಂಡಾಗ ಬಂದ ಸಂಖ್ಯೆ ಯಾವುದು ಎಂಬುದನ್ನು ವಿದ್ಯಾರ್ಥಿಯೊಬ್ಬನು ಅದರಲ್ಲಿ ಬರೆಯಲಿ. ಇದಲ್ಲದೆ, ಪ್ರವಾಸದ ಮರುದಿನ ಯಾರಿಗೂ ಪರೀಕ್ಷೆಯಿಲ್ಲದಂತೆ ದಿನವನ್ನು ಗೊತ್ತುಮಾಡುವುದು ಒಳ್ಳೆಯದು. ಒಂದು ದಿನದ ಎಡೆಯಿದ್ದರೆ ಕುಂಟುವ ಕಾರನ್ನು ರಾತ್ರಿಯಲ್ಲಿ ಓಡಿಸುವ ಆತುರ ಹುಟ್ಟುವುದಿಲ್ಲ. ನಮ್ಮ ವಿಭಾಗದಲ್ಲಿ ಈ ಎರಡು ಕ್ರಮಗಳನ್ನೂ ಈಗ ಅನುಸರಿಸಲಾಗುತ್ತಿದೆ. ವಾಹನದ ಪುಸ್ತಕದ ಮೊದಲನೆಯ ಪುಟದಲ್ಲಿ ಅಸುಂಡಿಯ ದಿನಾಂಕವೂ ‘ಪಿ ೦೨೯೯’ ಎಂಬ ಸಂಖ್ಯೆಯೂ ಇವೆ.